ವಿದ್ಯಾಪೀಠಕ್ಕೆ ಪೋಲೀಸು ಕಾರ್ಯವೇ?

ಕೆಲವು ದಿನಗಳ ಹಿಂದೆ ನಾವು ಸ್ವಕಾರ್ಯನಿಮಿತ್ತವಾಗಿ ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಗೆ ಹೋಗಿದ್ದೆವು. ಹಿಂದಿರುಗುವ ಬಸ್ಸಿಗಾಗಿ ಕಾಯುತ್ತ ರಸ್ತೆಯ ಮಗ್ಗುಲಿನ ಒಂದು ಮೊಬೈಲು ಅಂಗಡಿಯ ನೆರಳಿನಲ್ಲಿ ನಿಂತಿದ್ದಾಗ ಕಂಡ ಸಂಗತಿಯೊಂದು ಈ ಲೇಖನಕ್ಕೆ ಕಾರಣವಾಯಿತು. ರಜೆಗೆಂದು ಊರಿಗೆ ಬಂದಿದ್ದ ಕಾಲೇಜಿನ ಹುಡುಗನೊಬ್ಬನು ಆ ಅಂಗಡಿಯಲ್ಲಿ ಕುಳಿತು, ಬಂದವರ ಮೆಮೊರಿ ಕಾರ್ಡುಗಳಿಗೆ ಹಾಡುಗಳನ್ನೂ ಸಿನಿಮಾಗಳನ್ನೂ ತುಂಬಿಕೊಡುತ್ತಿದ್ದನು. ಕಾರ್ಡೊಂದಕ್ಕೆ ಐವತ್ತು ರೂಪಾಯಿ. ಆ ಚಿತ್ರಗಳಲ್ಲಿ ಒಂದೆರಡು ಆ ವಾರವೇ ತೆರೆ ಕಂಡವು. "ಇವೆಲ್ಲ ನಿನಗೆ ಎಲ್ಲಿ ದೊರೆತುವಪ್ಪ?" ಎಂದು ಕೇಳಿದೆವು. "ಹಾಸ್ಟೆಲಿನಲ್ಲಿ ಎಲ್ಲರ ಹತ್ತಿರವೂ ಇರ್ತವೆ ಸಾರ್" ಎಂದು ಅವನು ಎಳ್ಳಷ್ಟೂ ಸಂಕೋಚವಿಲ್ಲದೆ ಉತ್ತರಿಸಿದನು. ಪಕ್ಕದಲ್ಲಿ ನಿಂತಿದ್ದ ನಿವೃತ್ತ ನೌಕರರೊಬ್ಬರು ನಮ್ಮ ಕಡೆ ತಿರುಗಿ, "ಇದಕ್ಕೆಲ್ಲ ಆ ಕಾಲೇಜಿನವರೇ ಹೊಣೆ, ಸ್ವಾಮಿ. ಸರ್ಕಾರದವರು ಅವರಿಗೆ ಕೊಡುವ ದುಡ್ಡನ್ನು ಒಂದು ವರ್ಷ ನಿಲ್ಲಿಸಿ ನೋಡಲಿ, ಎಲ್ಲ ತಾನಾಗಿ ನೆಟ್ಟಗಾಗುತ್ತದೆ" ಎಂದರು.

ಆ ಹಿರಿಯರ ಮಾತನ್ನು ನಕ್ಕು ಬಿಡುವಂತಿಲ್ಲ. ಅಮೆರಿಕಾ ದೇಶವು ಬಹುಮಟ್ಟಿಗೆ ಅದನ್ನೇ ಶಾಸನವನ್ನಾಗಿ ಮಾಡಿಕೊಂಡಿದೆ. ನಮ್ಮಲ್ಲಿ ವಿಶ್ವವಿದ್ಯಾನಿಲಯಗಳ ಅನುದಾನವನ್ನು ಈ ವಿಷಯಕ್ಕೆ ಗಂಟುಹಾಕುವ ಶಾಸನವಿಲ್ಲ; ಆದರೆ ಆ ಹುಡುಗನನ್ನು ಗೂಂಡಾಗಳ ಸಾಲಿನಲ್ಲಿ ನಿಲ್ಲಿಸಬಲ್ಲ ಶಾಸನವೊಂದು ನಮ್ಮ ಕರ್ನಾಟಕದಲ್ಲಿ ಆಗಲೇ ಇದೆ. ಇವೆರಡೂ ಒಂದೇ ದಾರಿಯ ಎರಡು ಮೈಲಿಗಲ್ಲುಗಳೆಂದು ನಾವು ಭಾವಿಸುತ್ತೇವೆ. ಆದ ಕಾರಣ ದಾರಿಯು ಎತ್ತ ಸಾಗುವುದೆಂಬುದನ್ನು ವಾಚಕ ಮಹಾಶಯರ ಮುಂದಿಡುವುದು ನಮ್ಮ ಕರ್ತವ್ಯವಾಗಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಳವು ಕಳವೇ. ಈ ವಿಷಯದಲ್ಲಿ ನಾವು ತಟಸ್ಥರೆಂದು ಹೇಳಿಕೊಳ್ಳಲಾರೆವು. ನಮ್ಮ ಪತ್ರಿಕೆಯ ಪುಟಗಳೇ ಪ್ರತಿದಿನವೂ ಬೆಳಗಿನ ಜಾವದಲ್ಲಿ, ಹಂಚುವ ಹುಡುಗನು ಸೈಕಲನ್ನು ಏರುವುದಕ್ಕೆ ಮುಂಚೆಯೇ, ವಾಟ್ಸಾಪಿನ ಗುಂಪುಗಳಲ್ಲಿ ಪುಕ್ಕಟೆಯಾಗಿ ಹರಿದಾಡುತ್ತಿರುತ್ತವೆ. ಕಾಗದಕ್ಕೂ ಮಸಿಗೂ ಅಚ್ಚುಮೊಳೆಯ ಕಾಲದಿಂದಲೂ ಸಾಲ ಮಾಡುತ್ತ ಬಂದವರಿಗೆ ಅದರ ನೋವು ಎಷ್ಟೆಂಬುದು ತಿಳಿಯದೆ ಇಲ್ಲ. ಕನ್ನಡ ಚಲನಚಿತ್ರದ ಸ್ಥಿತಿಯಂತೂ ಇನ್ನೂ ಸೂಕ್ಷ್ಮವಾದುದು. ನಮ್ಮ ಮಾರುಕಟ್ಟೆ ಚಿಕ್ಕದು. ನೆರೆಹೊರೆಯ ಭಾಷೆಗಳ ದೊಡ್ಡ ಚಿತ್ರಗಳೊಡನೆ ಅದು ದಿನವೂ ಸೆಣಸಬೇಕಾಗಿದೆ. ೨೦೧೩ರಲ್ಲಿ ಹೊರಬಂದ ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರು ದೊರೆಯದೆ ಹೋದಾಗ ನೂರಕ್ಕೂ ಹೆಚ್ಚು ಮಂದಿ ಸಾಮಾನ್ಯ ಪ್ರೇಕ್ಷಕರು ತಮ್ಮ ಕೈಯಿಂದ ಹಣ ಕೂಡಿಸಿ ಅದನ್ನು ಮಾಡಿಸಿದರು. ನಮ್ಮ ಮಂಡ್ಯದ ಸೀಮೆಯ ಹಳ್ಳಿಯ ಜನರೇ ಪಾತ್ರ ವಹಿಸಿದ ‘ತಿಥಿ’ ಚಿತ್ರವು ೨೦೧೫ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದು ಬಂದಿತು. ಇಂಥ ಪ್ರಯತ್ನಗಳಿಗೆ ಮೊದಲ ವಾರದ ಟಿಕೆಟ್ಟಿನ ಹಣವೇ ಪ್ರಾಣವಾಯು. ಅದನ್ನು ಕಸಿದುಕೊಳ್ಳುವವನು ಶ್ರೀಮಂತನ ಜೇಬಿಗೆ ಮಾತ್ರ ಕೈಹಾಕಿದೆನೆಂದು ತಿಳಿದರೆ ಅದು ಭ್ರಾಂತಿ. ಬೆಳಕು ಹಿಡಿಯುವವನು, ಕೋರಸ್ಸಿನಲ್ಲಿ ಹಾಡುವವನು, ಊಟ ಬಡಿಸುವವನು, ಇವರೆಲ್ಲರ ಕೂಲಿಗೂ ಅವನು ಕೈಹಾಕಿರುತ್ತಾನೆ.

ಹೀಗಿರುವುದರಿಂದ ಕಳವನ್ನು ತಡೆಯಲು ಶಾಸನವಿರಬೇಕಾದುದು ನ್ಯಾಯ. ಅದು ಇದ್ದೇ ಇದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೬೩ನೆಯ ಪ್ರಕರಣದ ಮೇರೆಗೆ ತಿಳಿದೂ ತಿಳಿದು ಕೃತಿಸ್ವಾಮ್ಯವನ್ನು ಉಲ್ಲಂಘಿಸಿದವನಿಗೆ ೬ ತಿಂಗಳಿನಿಂದ ೩ ವರ್ಷಗಳವರೆಗೆ ಸೆರೆವಾಸವನ್ನೂ, ೫೦ ಸಾವಿರದಿಂದ ೨ ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದಾಗಿದೆ. ಲಾಭದ ಆಸೆಯಿಲ್ಲದೆ ಮಾಡಿದ್ದಾದರೆ ಶಿಕ್ಷೆಯನ್ನು ತಗ್ಗಿಸುವ ವಿವೇಚನೆಯನ್ನು ಅದೇ ಪ್ರಕರಣವು ನ್ಯಾಯಾಧೀಶರಿಗೆ ಕೊಟ್ಟಿದೆ. ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆಂದೇ ೨೦೨೩ರಲ್ಲಿ ಚಲನಚಿತ್ರ ಕಾಯಿದೆಯನ್ನು ತಿದ್ದಿ, ೩ ತಿಂಗಳಿನಿಂದ ೩ ವರ್ಷಗಳ ಸಜೆಯನ್ನೂ, ಕನಿಷ್ಠ ೩ ಲಕ್ಷ ರೂಪಾಯಿಗಳ ದಂಡವನ್ನೂ, ಹೆಚ್ಚೆಂದರೆ ಚಿತ್ರದ ನಿರ್ಮಾಣವೆಚ್ಚದ ನೂರಕ್ಕೆ ಐದರಷ್ಟು ದಂಡವನ್ನೂ ಗೊತ್ತುಪಡಿಸಿದರು. ಇವೆಲ್ಲ ಕಠಿಣವಾದರೂ ಇವುಗಳಲ್ಲಿ ಒಂದು ಕ್ರಮವಿದೆ. ಅಪಾದನೆ, ಸಾಕ್ಷ್ಯ, ವಿಚಾರಣೆ, ತೀರ್ಪು, ಆ ಬಳಿಕ ಶಿಕ್ಷೆ.

ನಮ್ಮ ರಾಜ್ಯದಲ್ಲಿ ಜನರು ‘ಗೂಂಡಾ ಕಾಯಿದೆ’ ಎಂದು ಕರೆಯುವ ೧೯೮೫ರ ೧೨ನೆಯ ಅಧಿನಿಯಮದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಕಳ್ಳಭಟ್ಟಿಯವರು, ಜೂಜುಕೋರರು, ಗೂಂಡಾಗಳು ಮೊದಲಾದವರನ್ನು ಹತೋಟಿಯಲ್ಲಿಡುವುದಕ್ಕೆಂದು ಹುಟ್ಟಿದ ಆ ಶಾಸನವನ್ನು ೨೦೧೪ರಲ್ಲಿ ವಿಸ್ತರಿಸಿದರು. ಇಂದು ಅದರ ಹೆಸರಿನಲ್ಲಿಯೇ ಆಸಿಡ್ ಎರಚುವವರು, ಲೈಂಗಿಕ ಅತ್ಯಾಚಾರಿಗಳು ಇವರ ಜೊತೆಗೆ ‘ಡಿಜಿಟಲ್ ಅಪರಾಧಿಗಳು’, ‘ವಿಡಿಯೋ ಅಥವಾ ಆಡಿಯೋ ಪೈರೇಟರು’ ಎಂಬವರೂ ಸೇರಿದ್ದಾರೆ. ವಾಣಿಜ್ಯದ ಉದ್ದೇಶದಿಂದ ಪುಸ್ತಕ, ಸಂಗೀತ, ಚಲನಚಿತ್ರ, ಸಾಫ್ಟ್‌ವೇರು ಇವುಗಳ ಕೃತಿಸ್ವಾಮ್ಯವನ್ನು ಬುದ್ಧಿಪೂರ್ವಕವಾಗಿ ಮುರಿಯುವವನು ಡಿಜಿಟಲ್ ಅಪರಾಧಿ. ಇಂಥವನನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಸ್ಥಾನಬದ್ಧನನ್ನಾಗಿ ಇಡಬಹುದು. ವಾಣಿಜ್ಯದ ಉದ್ದೇಶವೆಂಬ ಮಾತು ಅಲ್ಲಿದೆಯಲ್ಲ, ವಿದ್ಯಾರ್ಥಿಗೇಕೆ ಭಯ ಎಂದು ಕೆಲವರು ಕೇಳಬಹುದು. ಆ ಉದ್ದೇಶವಿತ್ತೇ ಇಲ್ಲವೇ ಎಂಬುದನ್ನು ನಿರ್ಣಯಿಸುವವರು ನ್ಯಾಯಾಧೀಶರಲ್ಲ, ಬಂಧನದ ಆಜ್ಞೆಗೆ ರುಜು ಮಾಡುವ ಅಧಿಕಾರಿಗಳು ಎಂಬುದೇ ನಮ್ಮ ಉತ್ತರ. ಸಂತೆಬಾಚಹಳ್ಳಿಯ ಹುಡುಗನು ಐವತ್ತು ರೂಪಾಯಿ ತೆಗೆದುಕೊಂಡನಷ್ಟೆ? ವಾಣಿಜ್ಯವಾಗುವುದಕ್ಕೆ ಇನ್ನೇನು ಬೇಕು? ಸಲಹಾ ಮಂಡಲಿಯೊಂದು ಕಾಗದಪತ್ರಗಳನ್ನು ಪರಿಶೀಲಿಸುವುದುಂಟು. ಅದು ನ್ಯಾಯಾಲಯವಲ್ಲ, ಅಲ್ಲಿ ವಕೀಲರನ್ನು ನಿಲ್ಲಿಸಿ ವಾದಿಸುವ ಹಕ್ಕೂ ಇಲ್ಲ. ೧೯೧೯ರ ರೌಲಟ್ ಶಾಸನವನ್ನು ‘ವಕೀಲಿಲ್ಲ, ಅಪೀಲಿಲ್ಲ’ ಎಂದು ಧಿಕ್ಕರಿಸಿದ ಜನರ ಮೊಮ್ಮಕ್ಕಳು ನಾವು. ಸಿನಿಮಾದ ನಕಲಿಗಾಗಿ ಅಂಥ ಆಯುಧವನ್ನು ನಮ್ಮ ಕೈಯಿಂದಲೇ ಮಸೆದುಕೊಂಡಿದ್ದೇವೆ.

ಇನ್ನು ಅಮೆರಿಕದ ಕಥೆಗೆ ಬರೋಣ. ೧೯೯೯ರಲ್ಲಿ ಬಾಸ್ಟನ್ ನಗರದ ಒಬ್ಬ ವಿದ್ಯಾರ್ಥಿಯು ‘ನ್ಯಾಪ್‌ಸ್ಟರ್’ ಎಂಬ ಉಪಾಯವನ್ನು ಹೂಡಿ, ಒಬ್ಬರ ಕಂಪ್ಯೂಟರಿನ ಹಾಡನ್ನು ಇನ್ನೊಬ್ಬರು ಸೆಳೆದುಕೊಳ್ಳುವಂತೆ ಮಾಡಿದನು. ನ್ಯಾಯಾಲಯದ ಆಜ್ಞೆಯಿಂದ ಅದು ೨೦೦೧ರಲ್ಲಿ ನಿಂತುಹೋಯಿತಾದರೂ ಅಷ್ಟರಲ್ಲಿ ವಿದ್ಯೆಯನ್ನು ಎಲ್ಲರೂ ಕಲಿತಿದ್ದರು. ಧ್ವನಿಮುದ್ರಣದ ಕಂಪೆನಿಗಳು ವಿದ್ಯಾರ್ಥಿಗಳ ಮೇಲೆಯೇ ದಾವೆ ಹೂಡಲು ತೊಡಗಿದುವು. ಬಾಸ್ಟನ್ ವಿಶ್ವವಿದ್ಯಾನಿಲಯದ ಜೋಯಲ್ ಟೆನೆನ್‌ಬಾಮ್ ಎಂಬ ವಿದ್ಯಾರ್ಥಿಯ ಮೇಲೆ ೩೦ ಹಾಡುಗಳ ನಿಮಿತ್ತ ೨೦೦೯ರಲ್ಲಿ ಜ್ಯೂರಿಯವರು ವಿಧಿಸಿದ ಪರಿಹಾರವು ೬ ಲಕ್ಷ ೭೫ ಸಾವಿರ ಡಾಲರುಗಳು. ಅಂದರೆ ಹಾಡೊಂದಕ್ಕೆ ೨೨,೫೦೦ ಡಾಲರು!

ಅಷ್ಟಕ್ಕೂ ತೃಪ್ತಿಯಾಗದೆ ಉದ್ಯಮದವರು ಶಾಸನಸಭೆಯ ಬಾಗಿಲನ್ನು ತಟ್ಟಿದರು. ೨೦೦೮ರ ಆಗಸ್ಟಿನಲ್ಲಿ ಉನ್ನತ ಶಿಕ್ಷಣದ ಶಾಸನವೊಂದು ಜಾರಿಗೆ ಬಂದಿತು. ಅದರ ಮೇರೆಗೆ, ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಧನಸಹಾಯ ದೊರೆಯಬೇಕಾದರೆ ಕಾಲೇಜು ಕೆಲವು ಕರಾರುಗಳಿಗೆ ಒಳಪಡಬೇಕು. ಕಳ್ಳಪ್ರತಿಗಳ ಹಂಚಿಕೆಯನ್ನು ಹತ್ತಿಕ್ಕುವ ಲಿಖಿತ ಯೋಜನೆಯಿರಬೇಕು. ಆ ಯೋಜನೆಯಲ್ಲಿ ಒಂದಲ್ಲ ಒಂದು ಯಾಂತ್ರಿಕ ತಡೆಯನ್ನು ಸೇರಿಸಿರಬೇಕು. ಶಿಕ್ಷೆಯ ವಿವರಗಳನ್ನು ಪ್ರತಿವರ್ಷವೂ ವಿದ್ಯಾರ್ಥಿಗಳಿಗೆ ಸಾರಬೇಕು. ಸಾಧ್ಯವಾದಷ್ಟು ಮಟ್ಟಿಗೆ ನ್ಯಾಯವಾದ ಬದಲಿ ಮಾರ್ಗಗಳನ್ನೂ ಒದಗಿಸಬೇಕು. ಇದರ ನಿಯಮಗಳು ೨೦೧೦ರ ಜುಲೈ ೧ರಿಂದ ಆಚರಣೆಗೆ ಬಂದುವು. ಬಡವನ ಮಗನ ವಿದ್ಯಾರ್ಥಿವೇತನವು ಹೀಗೆ ಹಾಲಿವುಡ್ಡಿನ ಲೆಕ್ಕದ ಪುಸ್ತಕಕ್ಕೆ ಗಂಟುಬಿದ್ದಿತು.

ಆ ಲೆಕ್ಕದ ಪುಸ್ತಕವಾದರೂ ಸರಿಯಾಗಿತ್ತೇ? ಅಲ್ಲಿಯ ಚಲನಚಿತ್ರ ಕಂಪೆನಿಗಳ ಸಂಘದವರು, ತಮಗೆ ದೇಶದೊಳಗೆ ಆಗುವ ನಷ್ಟದಲ್ಲಿ ನೂರಕ್ಕೆ ೪೪ ಪಾಲು ಕಾಲೇಜು ವಿದ್ಯಾರ್ಥಿಗಳಿಂದಲೇ ಆಗುತ್ತಿದೆಯೆಂದು ೨೦೦೫ರ ಒಂದು ಅಧ್ಯಯನವನ್ನು ಮುಂದಿಟ್ಟುಕೊಂಡು ಸಾರುತ್ತಿದ್ದರು. ೨೦೦೮ರ ಜನವರಿಯಲ್ಲಿ ಅದೇ ಸಂಘದವರು, ಲೆಕ್ಕದಲ್ಲಿ ತಪ್ಪಾಗಿದೆ, ಅದು ೪೪ ಅಲ್ಲ, ಸುಮಾರು ೧೫ ಎಂದು ಒಪ್ಪಿಕೊಂಡರು. ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರು ಕಾಲೇಜಿನ ಹೊರಗೆ ವಾಸಿಸುವವರಾದುದರಿಂದ ಕಾಲೇಜಿನ ಜಾಲದ ಮೂಲಕ ಆಗುವ ನಷ್ಟವು ಆ ಹದಿನೈದಕ್ಕಿಂತಲೂ ಬಹಳ ಕಡಮೆಯೆಂದು ವಿದ್ಯಾಸಂಸ್ಥೆಗಳವರು ತೋರಿಸಿಕೊಟ್ಟರು. ತಪ್ಪು ಬಯಲಾಗಿ ಏಳು ತಿಂಗಳಾಗಿದ್ದರೂ ಶಾಸನವು ಮಾತ್ರ ನಿಲ್ಲದೆ ಬಂದೇ ಬಂದಿತು. ನಮ್ಮಲ್ಲಿಯೂ ಪೈರಸಿಯಿಂದ ವರ್ಷಕ್ಕೆ ೨೦ ಸಾವಿರ ಕೋಟಿ ರೂಪಾಯಿಗಳ ನಷ್ಟವೆಂದು ಕೇಂದ್ರ ಸರ್ಕಾರದವರು ೨೦೨೩ರಲ್ಲಿ ಹೇಳಿದರು. ನಷ್ಟವು ದೊಡ್ಡದಾಗಿಯೇ ಇರಬಹುದು. ಆದರೆ ಅಂಥ ಅಂಕಿಯ ಬಲದ ಮೇಲೆ ಯಾರ ಸ್ವಾತಂತ್ರ್ಯವನ್ನಾದರೂ ಮೊಟಕುಮಾಡುವುದಕ್ಕೆ ಮುಂಚೆ, ಅಳೆದವರು ಯಾರು, ಅಳೆದ ಕೊಳಗ ಯಾವುದು, ಪುಕ್ಕಟೆಯಾಗಿ ನೋಡಿದವನು ಪುಕ್ಕಟೆ ಸಿಕ್ಕದಿದ್ದರೆ ಹಣ ಕೊಟ್ಟು ನೋಡುತ್ತಿದ್ದನೇ ಎಂದು ಕೇಳುವುದು ಅಧಿಕಾರಿವರ್ಗದ ಕರ್ತವ್ಯ.

ಅನುದಾನವನ್ನು ಹಗ್ಗವನ್ನಾಗಿ ಮಾಡಿ ಗುರುಗಳ ಕುತ್ತಿಗೆಗೆ ಕಟ್ಟುವ ಈ ಉಪಾಯವು ಅಮೆರಿಕದವರು ಹೊಸದಾಗಿ ಕಂಡುಹಿಡಿದುದೇನೂ ಅಲ್ಲ. ಭಾರತೀಯರಾದ ನಮಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ೧೯೦೫ರಲ್ಲಿ ವಂಗಭಂಗವಾಗಿ ಸ್ವದೇಶೀ ಚಳವಳಿಯು ಹಬ್ಬಿದಾಗ ಬಂಗಾಳ ಸರ್ಕಾರದ ಮುಖ್ಯ ಕಾರ್ಯದರ್ಶಿಯಾಗಿದ್ದ ಕಾರ್ಲೈಲ್ ಎಂಬಾತನು ಅಕ್ಟೋಬರ್ ತಿಂಗಳಲ್ಲಿ ಒಂದು ಸುತ್ತೋಲೆಯನ್ನು ಹೊರಡಿಸಿದನು. ವಿದ್ಯಾರ್ಥಿಗಳನ್ನು ಚಳವಳಿಯಿಂದ ತಡೆಯದ ಶಾಲಾಕಾಲೇಜುಗಳಿಗೆ ಅನುದಾನವೂ ವಿದ್ಯಾರ್ಥಿವೇತನದ ಅನುಕೂಲವೂ ತಪ್ಪುವುದೆಂದೂ, ಅವುಗಳ ಮಾನ್ಯತೆಯನ್ನು ರದ್ದುಮಾಡಲು ವಿಶ್ವವಿದ್ಯಾನಿಲಯವನ್ನು ಕೇಳಿಕೊಳ್ಳಲಾಗುವುದೆಂದೂ, ಅವಶ್ಯಬಿದ್ದರೆ ಉಪಾಧ್ಯಾಯರನ್ನೇ ವಿಶೇಷ ಕಾನ್‌ಸ್ಟೇಬಲ್ಲುಗಳನ್ನಾಗಿ ನೇಮಿಸಬಹುದೆಂದೂ ಅದರಲ್ಲಿ ಬೆದರಿಸಲಾಗಿತ್ತು. ಫಲವೇನಾಯಿತು? ಮರುತಿಂಗಳೇ ಆ ಸುತ್ತೋಲೆಯನ್ನು ವಿರೋಧಿಸುವ ಸಂಘವು ಹುಟ್ಟಿತು. ೧೯೦೬ರಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತು ಸ್ಥಾಪಿತವಾಯಿತು. ಅಂದಿನ ವಿದ್ಯಾರ್ಥಿಯು ದೇಶಕ್ಕಾಗಿ ಬೀದಿಗಿಳಿದವನು, ಇಂದಿನವನು ವಿನೋದಕ್ಕಾಗಿ ಸಿನಿಮಾ ಕದಿಯುವವನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕವನ್ನು ನಾವು ಮಾಡುವುದಿಲ್ಲ. ನಾವು ಹೋಲಿಸುತ್ತಿರುವುದು ಹಗ್ಗವನ್ನು ಮಾತ್ರ. ಕಟ್ಟುವವನ ಉದ್ದೇಶ ಕೆಟ್ಟದ್ದಿರಲಿ, ಒಳ್ಳೆಯದಿರಲಿ, ಕಟ್ಟಿಸಿಕೊಂಡ ಉಪಾಧ್ಯಾಯನು ಶಿಷ್ಯನ ಕಣ್ಣಿಗೆ ಅಂದಿನಿಂದ ಗುರುವಾಗಿ ಉಳಿಯುವುದಿಲ್ಲ.

ಸಂತೆಯ ನ್ಯಾಯವನ್ನೇ ನೋಡಿರಿ. ಸಂತೆಬಾಚಹಳ್ಳಿಯು ಹೆಸರಿನಲ್ಲಿಯೇ ಸಂತೆಯನ್ನು ಹೊತ್ತ ಊರು. ಸಂತೆಯಲ್ಲಿ ಒಬ್ಬನ ಬೆಲ್ಲದ ಅಚ್ಚು ಕಳುವಾದರೆ ಕಳ್ಳನನ್ನು ಹಿಡಿಯುತ್ತಾರೆ. ಕದ್ದ ಮಾಲನ್ನು ಮಾರಿದವನನ್ನು ಹಿಡಿಯುತ್ತಾರೆ. ಕಳ್ಳನಿಗೆ ಅಕ್ಷರ ಕಲಿಸಿದ ಮೇಷ್ಟರ ಸಂಬಳವನ್ನು ನಿಲ್ಲಿಸಿರೆಂದು ಯಾವ ಬೆಲ್ಲದ ವ್ಯಾಪಾರಿಯೂ ಕೇಳುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯು ಹಾಸ್ಯಕ್ಕೆಂದು ಹುಟ್ಟಿದುದೇ ಹೊರತು ಶಾಸನಸಭೆಯ ಮಾರ್ಗದರ್ಶನಕ್ಕೆಂದು ಹುಟ್ಟಿದುದಲ್ಲ.

ಇನ್ನೊಂದು ಅಪಾಯವೂ ಇದೆ. ಕಾಲೇಜಿನ ಜಾಲದಲ್ಲಿ ಹರಿಯುವುದರಲ್ಲಿ ಸಿನಿಮಾ ಯಾವುದು, ಪಾಠ ಯಾವುದು, ತಾಯಿಗೆ ಬರೆದ ಕಾಗದ ಯಾವುದು ಎಂದು ವಿಂಗಡಿಸಬೇಕಾದರೆ ಹರಿಯುವುದೆಲ್ಲವನ್ನೂ ಇಣುಕಿ ನೋಡಬೇಕಾಗುತ್ತದೆ. ಸಿನಿಮಾಕ್ಕೆಂದು ತೆರೆದ ಕಣ್ಣು ಸಿನಿಮಾದಲ್ಲಿಯೇ ನಿಲ್ಲುವುದೆಂಬ ಭರವಸೆ ಯಾರು ಕೊಡುವರು? ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು. ಕನ್ನಡಿಗರೊಬ್ಬರು ಇಳಿವಯಸ್ಸಿನಲ್ಲಿ ಹೋರಾಡಿ ಗಳಿಸಿಕೊಟ್ಟ ಹಕ್ಕನ್ನು ನಮ್ಮ ವಿದ್ಯಾರ್ಥಿನಿಲಯಗಳಲ್ಲಿಯೇ ಕಳೆದುಕೊಳ್ಳುವುದು ಶೋಭೆಯಲ್ಲ.

ಹಾಗಾದರೆ ವಿದ್ಯಾಪೀಠವು ಕೈಕಟ್ಟಿ ಕುಳಿತಿರಬೇಕೆ? ಇಲ್ಲ. ಅದಕ್ಕೊಂದು ಕೆಲಸವಿದೆ; ಅದು ಪೋಲೀಸಿನ ಕೆಲಸವಲ್ಲ, ದಾನದ ಕೆಲಸ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದನ್ನು ನಾವು ಪಾಠಶಾಲೆಯಲ್ಲಿಯೇ ಓದಿದ್ದೇವೆ. ಪ್ರತಿ ಮಾಡುವುದೇ ಪಾಪವಾಗಿದ್ದರೆ ಆಕೆಯನ್ನು ನಾವು ಪೂಜ್ಯಳೆಂದು ನೆನೆಯುತ್ತಿರಲಿಲ್ಲ. ಆದರೆ ಅದೇ ಅತ್ತಿಮಬ್ಬೆಯೇ ಕವಿ ರನ್ನನಿಗೂ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದಳೆಂಬುದನ್ನು ಮರೆಯಬಾರದು. ಓದುವವನಿಗೆ ಪ್ರತಿ, ಬರೆಯುವವನಿಗೆ ಅನ್ನ. ಎರಡನ್ನೂ ಆಕೆ ತನ್ನ ಬೊಕ್ಕಸದಿಂದಲೇ ನಡೆಸಿದಳು. ಇಂದಿನ ಹುಡುಗನು ಮೊದಲನೆಯದನ್ನು ಕಲಿತು ಎರಡನೆಯದನ್ನು ಮರೆತಿದ್ದಾನೆ. ಇಂದಿನ ಕಂಪೆನಿಗಳು ಎರಡನೆಯದನ್ನು ಹಿಡಿದು ಮೊದಲನೆಯದನ್ನು ಕೈಬಿಟ್ಟಿವೆ. ಇವೆರಡನ್ನೂ ಮತ್ತೆ ಕೂಡಿಸುವುದು ವಿದ್ಯಾಪೀಠದ ಧರ್ಮ.

ಇದು ಬರಿಯ ಆದರ್ಶದ ಮಾತಲ್ಲವೆಂಬುದಕ್ಕೆ ನಿದರ್ಶನಗಳಿವೆ. ದೆಹಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ನೆರಳಚ್ಚಿನ ಅಂಗಡಿಯೊಂದು ಪಠ್ಯಭಾಗಗಳ ಪ್ರತಿ ತೆಗೆದು ವಿದ್ಯಾರ್ಥಿಗಳಿಗೆ ಕೊಡುತ್ತಿತ್ತೆಂದು ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ೨೦೧೨ರಲ್ಲಿ ಅಂಗಡಿಯ ಮೇಲೆಯೂ ವಿಶ್ವವಿದ್ಯಾನಿಲಯದ ಮೇಲೆಯೂ ದಾವೆ ಹೂಡಿದರು. ೨೦೧೬ರಲ್ಲಿ ದೆಹಲಿ ಹೈಕೋರ್ಟು, ಬೋಧನೆಯ ಸಂಬಂಧದಲ್ಲಿ ಅಂಥ ಪ್ರತಿಗಳಿಗೆ ಕೃತಿಸ್ವಾಮ್ಯ ಕಾಯಿದೆಯೇ ಎಡೆಕೊಟ್ಟಿದೆಯೆಂದು ತೀರ್ಪಿತ್ತಿತು. ಅಲ್ಲಿ ವಿಶ್ವವಿದ್ಯಾನಿಲಯವು ವಿದ್ಯಾರ್ಥಿಗಳನ್ನು ಹಿಡಿದುಕೊಡಲಿಲ್ಲ. ಅವರ ಪರವಾಗಿ ನ್ಯಾಯಾಲಯದಲ್ಲಿ ನಿಂತಿತು. ಪಠ್ಯಕ್ಕೂ ಸಿನಿಮಾಕ್ಕೂ ಅಂತರವುಂಟು; ಪಾಠಕ್ಕೆ ದೊರೆತ ವಿನಾಯಿತಿಯನ್ನು ವಿನೋದಕ್ಕೆ ಯಾರೂ ಕೇಳಲಾರರು. ಆದರೆ ವಿನೋದಕ್ಕೂ ದಾರಿಯಿಲ್ಲದಿಲ್ಲ. ೨೦೦೩ರಲ್ಲಿ ನ್ಯಾಪ್‌ಸ್ಟರಿನ ಹೆಸರಿನಲ್ಲಿಯೇ ನ್ಯಾಯಸಮ್ಮತವಾದ ಶುಲ್ಕದ ಸೇವೆಯು ಆರಂಭವಾದಾಗ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾನಿಲಯದವರು ವಿದ್ಯಾರ್ಥಿಗಳ ಶುಲ್ಕದಿಂದಲೇ ಅದಕ್ಕೆ ಹಣ ತೆತ್ತು ಹಾಡು ಕೇಳುವ ಏರ್ಪಾಡು ಮಾಡಿದ್ದರು. ನಮ್ಮ ಕೇಂದ್ರ ಸರ್ಕಾರವೇ ೨೦೨೪ರ ನವೆಂಬರಿನಲ್ಲಿ ‘ಒಂದು ದೇಶ, ಒಂದು ಚಂದಾ’ ಎಂಬ ಯೋಜನೆಗೆ ಸಮ್ಮತಿಯಿತ್ತು, ೩೦ ಪ್ರಕಾಶಕರ ಸುಮಾರು ೧೩ ಸಾವಿರ ವಿದ್ವತ್ಪತ್ರಿಕೆಗಳನ್ನು ೬,೩೦೦ ಸರ್ಕಾರಿ ಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಗಳಿಗೆ ಸುಮಾರು ೬ ಸಾವಿರ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಲೇಖನಗಳನ್ನು ಕದ್ದು ಓದುತ್ತಿದ್ದವರನ್ನು ಸೆರೆಗೆ ಹಾಕುವುದಕ್ಕಿಂತ ಓದುವ ದಾರಿಯನ್ನೇ ತೆರೆಯುವುದು ಲೇಸೆಂದು ಒಪ್ಪಿದಂತಾಯಿತಲ್ಲವೆ?

ಆದ ಕಾರಣ ನಮ್ಮ ಸೂಚನೆಗಳು ಇವು. ಸರ್ಕಾರದವರು ೨೦೧೪ರ ತಿದ್ದುಪಡಿಯನ್ನು ಪುನರ್ವಿಮರ್ಶೆಮಾಡಿ, ಕೃತಿಸ್ವಾಮ್ಯದ ಅಪರಾಧಗಳನ್ನು ಗೂಂಡಾ ಕಾಯಿದೆಯಿಂದ ಹೊರಗಿಟ್ಟು, ನ್ಯಾಯಾಲಯಗಳ ಸಾಮಾನ್ಯ ವಿಚಾರಣೆಗೆ ಬಿಡಲಿ. ಕದ್ದ ಚಿತ್ರವನ್ನು ಜಾಹೀರಾತಿನ ಹಣಕ್ಕಾಗಿ ಲಕ್ಷಾಂತರ ಜನರಿಗೆ ಹಂಚುವ ಜಾಲತಾಣದವರನ್ನೂ ಟೆಲಿಗ್ರಾಂ ತಂಡಗಳನ್ನೂ ಬೆನ್ನಟ್ಟಲು ಪೋಲೀಸರ ಶಕ್ತಿಯೆಲ್ಲವೂ ವಿನಿಯೋಗವಾಗಲಿ. ವಿಶ್ವವಿದ್ಯಾನಿಲಯಗಳು ಒಗ್ಗೂಡಿ ಕನ್ನಡ ಚಿತ್ರಗಳನ್ನೂ ಸಂಗೀತವನ್ನೂ ವಿದ್ಯಾರ್ಥಿನಿಲಯಗಳಿಗೆ ಸಗಟು ದರದಲ್ಲಿ ಚಂದಾ ಪಡೆಯಲಿ. ಚಿತ್ರೋದ್ಯಮದವರು ಆ ದರವನ್ನು ಹಳ್ಳಿಯ ಹುಡುಗನ ಕೈಗೆ ಎಟಕುವಂತೆ ಇಡಲಿ. ತರಗತಿಯಲ್ಲಿ ಒಂದು ಗಂಟೆಯ ಮಟ್ಟಿಗಾದರೂ, ಚಿತ್ರವೊಂದು ಯಾರ ಯಾರ ಬೆವರಿನಿಂದ ತಯಾರಾಗುವುದೆಂಬುದನ್ನು ಉಪಾಧ್ಯಾಯರು ಹೇಳಿಕೊಡಲಿ. ಅದು ಗುರುವಿನ ಕೆಲಸ. ಅದನ್ನು ಯಾವ ಕಾನ್‌ಸ್ಟೇಬಲನೂ ಮಾಡಲಾರ.

ನಮ್ಮ ಬಸ್ಸು ಬಂದಾಗ ಆ ಹುಡುಗನಿಗೆ ಎರಡು ಮಾತು ಹೇಳಿದೆವು. ಅಲ್ಲಿದ್ದ ಚಿತ್ರವೊಂದು ಹೊಸಬರ ತಂಡದ್ದೆಂದೂ, ಅವರು ಸಾಲ ಮಾಡಿ ಅದನ್ನು ತೆಗೆದಿದ್ದಾರೆಂದೂ ತಿಳಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿತ್ರಮಂದಿರಕ್ಕೆ ಹೋಗಿಬರೋದಕ್ಕೆ ಬಸ್ಸಿನ ಚಾರ್ಜೇ ಟಿಕೆಟ್ಟಿನಷ್ಟಾಗುತ್ತೆ ಸಾರ್. ನ್ಯಾಯವಾಗಿ ಇಲ್ಲೇ ಸಿಗೋ ಹಾಗಿದ್ದರೆ ನಾನೇ ದುಡ್ಡು ಕೊಟ್ಟು ತಗೋತಿದ್ದೆ" ಎಂದನು. ಅವನ ಮಾತು ಪೂರ್ಣವಾಗಿ ನಿಜವೋ ಅಲ್ಲವೋ ನಾವು ಅರಿಯೆವು. ಅದನ್ನು ಪರೀಕ್ಷಿಸಿ ನೋಡುವುದಕ್ಕೆ ಚಂದಾದ ಮಾರ್ಗವಿದೆ, ಸೆರೆಮನೆಯ ಮಾರ್ಗವೂ ಇದೆ. ಮೊದಲನೆಯದನ್ನು ತೆರೆಯದೆ ಎರಡನೆಯದನ್ನು ತೆರೆದಿಟ್ಟಿರುವ ರಾಜ್ಯವು ತನ್ನ ಮಕ್ಕಳಿಗೆ ಪ್ರಾಮಾಣಿಕರಾಗಿರಿ ಎಂದು ಹೇಳುವ ಅಧಿಕಾರವನ್ನು ಇನ್ನೂ ಸಂಪಾದಿಸಿಕೊಂಡಿಲ್ಲವೆಂದು ನಾವು ವಿನಯಪೂರ್ವಕವಾಗಿ, ಆದರೆ ದೃಢವಾಗಿ ಹೇಳಬಯಸುತ್ತೇವೆ.